ಎಡಿನ್‌ಬರೊ ಪಟ್ಟಣವೂ ಕಿಲ್ಟಿನ ಒಳಉಡುಪೂ

ಎಡಿನ್‌ಬರೊ ಪಟ್ಟಣದಲ್ಲಿ ಗಾಳಿ ಬೀಸದ ದಿನ ಅಪರೂಪ. ಸ್ಕಾಟ್ಲೆಂಡಿನ ಈ ರಾಜಧಾನಿಯು ಫೋರ್ತ್ ಎಂಬ ಕಡಲ ಚಾಚಿಗೆ ಸಮೀಪವಾಗಿ, ಏರುತಗ್ಗಾದ ಗುಡ್ಡಗಳ ಮೇಲೆ ಹಬ್ಬಿಕೊಂಡಿರುವುದು. ನಡುವೆ ಕರಿಯ ಬಂಡೆಯೊಂದರ ನೆತ್ತಿಯಲ್ಲಿ ಕೋಟೆ. ಕೋಟೆಯ ಬಾಗಿಲಿನಿಂದ ಹೋಲಿರೂಡ್ ಅರಮನೆಯವರೆಗೆ ಸುಮಾರು ಒಂದು ಮೈಲಿ ಇಳಿಜಾರಾಗಿ ಸಾಗುವ ಹಳೆಯ ಬೀದಿ. ಇದಕ್ಕೆ ರಾಯಲ್ ಮೈಲ್ ಎಂದು ಹೆಸರು. ಎರಡು ಮಗ್ಗುಲಿಗೂ ಎತ್ತರವಾದ ಕಲ್ಲುಮನೆಗಳು ನಿಂತಿರುವುದರಿಂದ ಗಾಳಿಯು ಇಕ್ಕಟ್ಟಾದ ಓಣಿಗಳಿಂದ ನುಗ್ಗಿ ಬಂದು ದಾರಿಹೋಕರ ಟೋಪಿಗಳನ್ನು ಹಾರಿಸುತ್ತದೆ. ಇಂತಹ ಬೀದಿಯಲ್ಲಿ ಗಂಡಸರು ಮಂಡಿಯವರೆಗಿನ ನಿರಿಗೆಯುಡುಪನ್ನು ತೊಟ್ಟು, ಬ್ಯಾಗ್‌ಪೈಪ್ ಎಂಬ ಚೀಲದ ವಾದ್ಯವನ್ನು ಊದುತ್ತ ನಿಶ್ಚಿಂತೆಯಿಂದ ನಿಂತಿರುವುದನ್ನು ಕಂಡಾಗ, ಪಂಚೆಯುಡುವ ನಾಡಿನಿಂದ ಹೋದ ನಮಗೆ ಒಂದು ಬಗೆಯ ನೆಂಟಸ್ತಿಕೆಯೇ ತೋರುವುದು. ಅದರ ಜೊತೆಗೆ, ಕೇಳಲು ನಾಚಿಕೆಯಾದರೂ, ಒಂದು ಪ್ರಶ್ನೆಯೂ ಏಳುವುದು: ಒಳಗೇನು?

ಪರದೇಶದ ಪ್ರವಾಸಿಗಳಿಗೆ ಇದೊಂದು ನಗೆಮಾತು. ಆದರೆ ನಮ್ಮವರ ಮಕ್ಕಳು ಓದಿಗೋ ಉದ್ಯೋಗಕ್ಕೋ ಆ ದೇಶಕ್ಕೆ ಹೋಗಿ ನೆಲೆಸಿರುವ ಈ ಕಾಲದಲ್ಲಿ ಇದು ಗೃಹಕೃತ್ಯದ ಪ್ರಶ್ನೆಯೂ ಆಗಿದೆ. ಅಲ್ಲಿಯ ಮದುವೆಗಳಲ್ಲಿ ವರನೂ ಅವನ ಗೆಳೆಯರೂ ಕಿಲ್ಟನ್ನು ತೊಡುವುದು ವಾಡಿಕೆ. ಗೆಳೆಯನ ಮದುವೆಗೆ ಕರೆ ಬಂದರೆ ನಮ್ಮ ಹುಡುಗನೂ ಅದನ್ನು ಬಾಡಿಗೆಗೆ ತಂದು ಉಡಬೇಕಾಗುವುದು. ಆಗ ಹಾಸ್ಯಗಾರರ ಮಾತನ್ನು ನಂಬಿ ಹೊರಟರೆ ಆ ದಿನದ ಸಂತೋಷವೆಲ್ಲ ಮುಜುಗರದಲ್ಲಿ ಕಳೆದುಹೋಗುವ ಸಂಭವವುಂಟು.

ಈ ಉಡುಪಿನ ಸ್ವರೂಪವನ್ನು ಮೊದಲು ತಿಳಿಯಬೇಕು. ಒಳ್ಳೆಯ ಕಿಲ್ಟಿಗೆ ಸುಮಾರು 8 ಗಜ, ಎಂದರೆ 7.3 ಮೀಟರು, ಉಣ್ಣೆಯ ಚೌಕಳಿ ಬಟ್ಟೆ ಹಿಡಿಯುವುದು. ಹಿಂಭಾಗವೆಲ್ಲ ಒತ್ತೊತ್ತಾದ ನಿರಿಗೆ. ಮುಂಭಾಗದಲ್ಲಿ ನಿರಿಗೆಯಿಲ್ಲದ ಎರಡು ಸೆರಗುಗಳು ಒಂದರ ಮೇಲೊಂದು ಬರುವುವು. ಹೊಕ್ಕುಳ ಮಟ್ಟದಲ್ಲಿ ತೊಗಲಿನ ಪಟ್ಟಿಗಳಿಂದ ಬಿಗಿಯುವರು. ಅಂಚು ಮಂಡಿಚಿಪ್ಪಿನ ನಡುವಿಗೆ ಬರಬೇಕು. ತೂಕವು ಒಂದೂವರೆ ಎರಡು ಕಿಲೋ ಆಗುವುದರಿಂದ ಸಾಮಾನ್ಯವಾದ ಗಾಳಿಗೆ ಅದು ಅಷ್ಟು ಸುಲಭವಾಗಿ ಹಾರುವುದಿಲ್ಲ. ಬಾಡಿಗೆಯ ಅಂಗಡಿಗಳಲ್ಲಿ ಕೆಲವೆಡೆ ಕೊಡುವ ಹಗುರವಾದ ಬಟ್ಟೆಯ ವಿಷಯದಲ್ಲಿ ಮಾತ್ರ ಈ ಭರವಸೆ ಸಲ್ಲದು.

ಪೂರ್ವಕಾಲದ ಗುಡ್ಡಗಾಡಿನವರು ಹೊಲಿದ ಕಿಲ್ಟನ್ನು ಅರಿಯರು. ಉದ್ದವಾದ ಉಣ್ಣೆಯ ಹೊದಿಕೆಯನ್ನೇ ಸೊಂಟಕ್ಕೆ ನಿರಿಗೆ ಹಿಡಿದು ಸುತ್ತಿ, ಉಳಿದ ಭಾಗವನ್ನು ಹೆಗಲಿಗೆ ಏರಿಸುತ್ತಿದ್ದರು. ನಮ್ಮ ಕುರುಬರ ಕಂಬಳಿಯಂತೆ ಹಗಲು ಉಡುಪು, ರಾತ್ರಿ ಹಾಸಿಗೆ. ಒಳಗೆ ತೊಡೆಯವರೆಗೂ ಇಳಿಯುವ ನೀಳವಾದ ಅಂಗಿ ಇರುತ್ತಿದ್ದುದರಿಂದ ಬೇರೆ ಒಳಉಡುಪಿನ ಮಾತೇ ಹುಟ್ಟುತ್ತಿರಲಿಲ್ಲ. ಸೊಂಟದಿಂದ ಕೆಳಗಿನ ಭಾಗವಷ್ಟೇ ಇರುವ ಕಿರಿಯ ಕಿಲ್ಟು ಬಳಕೆಗೆ ಬಂದುದು 18ನೆಯ ಶತಮಾನದ ಆರಂಭದಲ್ಲಿ. 1746ರಲ್ಲಿ ಸರಕಾರದವರು ಈ ಉಡುಪನ್ನೇ ನಿಷೇಧಿಸಿದರು. ಮೊದಲ ಸಲ ತೊಟ್ಟವನಿಗೆ ಆರು ತಿಂಗಳ ಸೆರೆ, ಎರಡನೆಯ ಸಲಕ್ಕೆ ಏಳು ವರ್ಷ ಕಡಲಾಚೆಯ ಗಡೀಪಾರು. ಸೈನ್ಯದಲ್ಲಿ ಸೇರಿದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ಈ ಕಾನೂನು ರದ್ದಾಯಿತು. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜನು ಎಡಿನ್‌ಬರೊಗೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನ ಏರ್ಪಾಡಿನಂತೆ ತಾನೂ ಕಿಲ್ಟನ್ನು ತೊಟ್ಟನು. ಆದರೆ ಬರಿಗಾಲಿನಲ್ಲಿ ನಿಲ್ಲಲು ಒಪ್ಪದೆ, ಮೈಬಣ್ಣದ ಬಿಗಿಯಾದ ಕಾಲುಡುಪನ್ನು ಒಳಗೆ ಧರಿಸಿದನು. ಜನರು ನಕ್ಕರು. ನಮಗಾದರೋ ಆ ಸ್ಥೂಲಕಾಯನಾದ ದೊರೆಯು ಈ ಒಂದು ವಿಷಯದಲ್ಲಿ ವಿವೇಕಿಯೆಂದೇ ತೋರುತ್ತದೆ.

ಒಳಗೆ ಏನನ್ನೂ ತೊಡಬಾರದೆಂಬ ಹೆಮ್ಮೆಯ ಮಾತು ಹೆಚ್ಚಾಗಿ ದಂಡಿನ ಸಂಪ್ರದಾಯಕ್ಕೆ ಸೇರಿದ್ದು. ಕಿಲ್ಟಿನ ದಂಡುಗಳು 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಫ್ರಾನ್ಸ್, ಬೆಲ್ಜಿಯಂ ದೇಶಗಳ ಕಂದಕಗಳಲ್ಲಿ ಅದನ್ನುಟ್ಟೇ ಹೋರಾಡಿದುವು. ಅಲ್ಲಿ ಈ ಬಟ್ಟೆಯು ಕೆಸರನ್ನು ಹೀರಿ ಭಾರವಾಗುತ್ತಿತ್ತು. ಚಳಿಗಾಲದಲ್ಲಿ ಅಂಚು ಹೆಪ್ಪುಗಟ್ಟಿ ಮಂಡಿಯ ಹಿಂಭಾಗವನ್ನು ಕೊಯ್ಯುತ್ತಿತ್ತು. ನಿರಿಗೆಗಳ ಸಂದಿಯಲ್ಲಿ ಹೇನುಗಳು ಮನೆ ಮಾಡುತ್ತಿದ್ದುವು. 1917ರಲ್ಲಿ ಶತ್ರುಗಳು ಮಸ್ಟರ್ಡ್ ಅನಿಲವನ್ನು ಪ್ರಯೋಗಿಸಿದರು. ಬೆವರಿನಿಂದ ಒದ್ದೆಯಾದ ಚರ್ಮವನ್ನು ಹುಡುಕಿ ಸುಡುವ ವಿಷ ಅದು. ಬರಿತೊಡೆಯ ಸೈನಿಕರು ಪಟ್ಟ ಪಾಡನ್ನು ಹೆಚ್ಚಾಗಿ ವರ್ಣಿಸಬೇಕಾಗಿಲ್ಲ. 1940ರಲ್ಲಿ ಕಿಲ್ಟನ್ನು ರಣರಂಗದಿಂದ ಹಿಂತೆಗೆದುಕೊಂಡರು. ಈಗ ಅದು ಮೆರವಣಿಗೆಯ ಉಡುಪು. 1997ರಲ್ಲಿ ಹಾಂಗ್‌ಕಾಂಗ್ ನಗರದಲ್ಲಿ ಅಂತಹ ಒಂದು ಸಮಾರಂಭ ನಡೆದಿದ್ದಾಗ ಗಾಳಿಯು ಬ್ಲ್ಯಾಕ್ ವಾಚ್ ದಂಡಿನ ಸೈನಿಕನೊಬ್ಬನ ನಿರಿಗೆಯನ್ನೆತ್ತಿತು. ಆ ಛಾಯಾಚಿತ್ರವು ದೇಶದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ಪಾಪ, ಆ ಯುವಕನ ತಾಯಿಯೂ ಪತ್ರಿಕೆಯನ್ನು ಓದುವವಳೇ ಆಗಿರಬೇಕು.

ನನ್ನ ಅಣ್ಣನ ಮಗನು ಗೆಳೆಯನ ಮದುವೆಗಾಗಿ ಕಿಲ್ಟನ್ನು ಗೊತ್ತುಮಾಡಲು ಹೋದಾಗ ನಾನೂ ಜೊತೆಗೆ ಹೋಗಿದ್ದೆನು. ಅಂಗಡಿಯಲ್ಲಿ ಅಳತೆ ತೆಗೆದುಕೊಂಡ ವೃದ್ಧರು ಗಂಭೀರವಾದ ವ್ಯಕ್ತಿ. ಹುಡುಗನು ತಗ್ಗಿದ ಧ್ವನಿಯಲ್ಲಿ ಪ್ರಶ್ನೆಯನ್ನು ಕೇಳಿದಾಗ ಅವರು ನಗಲಿಲ್ಲ. “ಇದು ಉಣ್ಣೆ, ಪ್ರತಿ ಸಲವೂ ನೀರಿನಲ್ಲಿ ಒಗೆಯುವ ಬಟ್ಟೆಯಲ್ಲ. ಕಳೆದ ವಾರ ಇನ್ನೊಬ್ಬರು ಉಟ್ಟಿದ್ದರು, ಮುಂದಿನ ವಾರ ಮತ್ತೊಬ್ಬರು ಉಡುವರು. ತಾವು ಚಡ್ಡಿಯನ್ನು ತೊಟ್ಟೇ ಉಡಬೇಕು,” ಎಂದರು. ಈ ಮಾತನ್ನೇ 2010ರಲ್ಲಿ ಸ್ಕಾಟಿಷ್ ಟಾರ್ಟನ್ಸ್ ಅಥಾರಿಟಿಯ ನಿರ್ದೇಶಕರು ಬಹಿರಂಗವಾಗಿ ಹೇಳಿ, ಬರಿಮೈಯಲ್ಲಿ ಉಡುವುದು ಶುಚಿಯಲ್ಲವೆಂದಾಗ ದೊಡ್ಡ ಚರ್ಚೆಯೇ ಎದ್ದಿತ್ತು. “ಚಿಕ್ಕಪ್ಪ, ನಮ್ಮ ಲಂಗೋಟಿಯೇ ಆಗದೇ?” ಎಂದು ಹುಡುಗನು ನನ್ನನ್ನು ಕೇಳಿದನು. ಮಾನಕ್ಕೆ ಅದು ಸಾಕು. ಆದರೆ ತೊಡೆಗೆ ತೊಡೆ ಉಜ್ಜುವುದನ್ನೂ, ಒರಟಾದ ಉಣ್ಣೆಯ ತುರಿಕೆಯನ್ನೂ ಅದು ತಡೆಯಲಾರದು.

ವೃದ್ಧರು ಹೇಳಿದ ಲಕ್ಷಣಗಳು ಹೀಗಿದ್ದುವು. ಒಳಚಡ್ಡಿಯು ತೊಡೆಯ ನಡುವಿನವರೆಗೆ ಬಂದು ಮೈಗೆ ಹೊಂದಿಕೊಂಡಿರಬೇಕು. ನಮ್ಮ ಪೈಲವಾನರ ಚಲ್ಲಣವನ್ನು ನೆನೆದುಕೊಂಡರೆ ಆಕಾರವು ತಿಳಿಯುವುದು. ಸಡಿಲವಾದ ಚಡ್ಡಿಯು ನಿರಿಗೆಯೊಳಗೆ ಸುರುಳಿಯಾಗಿ ಸೇರಿಕೊಂಡು, ಕುಳಿತೆದ್ದಾಗಲೆಲ್ಲ ಎಳೆದುಕೊಳ್ಳಬೇಕಾಗುತ್ತದೆ. ಮದುವೆಮನೆಯಲ್ಲಿ ಅದಕ್ಕೆ ಅವಕಾಶವೆಲ್ಲಿ? ಸೊಂಟದ ಇಲಾಸ್ಟಿಕ್ ಪಟ್ಟಿಯು ಅಗಲವಾಗಿ, ಮೃದುವಾಗಿ, ಕಿಲ್ಟಿನ ತೊಗಲುಪಟ್ಟಿಗಿಂತ ಕೆಳಗೆ ನಿಲ್ಲಬೇಕು. ಎರಡು ಬಿಗಿತಗಳು ಒಂದೇ ಸ್ಥಳದಲ್ಲಿ ಬಿದ್ದರೆ ಊಟವಾದ ಮೇಲೆ ಹೊಟ್ಟೆಗೆ ಕಷ್ಟ. ತೊಡೆಯ ಒಳಮಗ್ಗುಲಿನ ಹೊಲಿಗೆಯು ದಪ್ಪವಾಗಿರಬಾರದು. ಬಣ್ಣವು ಕಪ್ಪು ಅಥವಾ ಗಾಢನೀಲಿ. ಬಿಳಿಯದಾದರೆ ಗಿರ್ರನೆ ತಿರುಗುವ ಕುಣಿತದಲ್ಲಿ ದೂರದಿಂದಲೇ ಹೊಳೆಯುವುದು. ಅರ್ಧ ದಿನದ ಸಮಾರಂಭಕ್ಕೆ ನೂಲಿನ ಬಟ್ಟೆ ಸಾಕಾದರೂ, ರಾತ್ರಿಯ ಕೇಲಿ ಎಂಬ ಸಾಮೂಹಿಕ ನೃತ್ಯದಲ್ಲಿ ಚೆನ್ನಾಗಿ ಕುಣಿಯುವ ಇಚ್ಛೆಯುಳ್ಳವರಿಗೆ ನಯವಾದ ಮೆರಿನೊ ಉಣ್ಣೆಯೇ ಮೇಲು. ಬೆವರಿನಿಂದ ತೊಯ್ದ ನೂಲಿನ ಬಟ್ಟೆಯಲ್ಲಿ ಹೊರಗಿನ ಥಂಡಿಗಾಳಿಗೆ ಬಂದರೆ ಮೈ ನಡುಗುವುದು. ಗುಡ್ಡಗಾಡಿನ ಕ್ರೀಡೋತ್ಸವಗಳಲ್ಲಿ ಮರದ ಕಂಬವನ್ನೆತ್ತಿ ಎಸೆಯುವ ಜಟ್ಟಿಗಳೂ ಕಿಲ್ಟಿನ ಒಳಗೆ ಬಿಗಿಯಾದ ಚಡ್ಡಿಯನ್ನು ತೊಟ್ಟಿರುವುದುಂಟು. ಅವರ ಗಂಡಸುತನವನ್ನು ಯಾರೂ ಶಂಕಿಸಿದಂತೆ ಕಾಣೆನು.

ಇದರಲ್ಲಿ ಇನ್ನೂ ಒಂದು ಮಾತುಂಟು. ಮದ್ಯದ ಅಮಲಿನಲ್ಲಿ ಅತಿಥಿಗಳು ಕಿಲ್ಟನ್ನು ಎತ್ತಿ ನೋಡುವುದನ್ನು ವಿನೋದವೆಂದು ತಿಳಿದಿರುವ ಜನರಿದ್ದಾರೆ. 2018ರಲ್ಲಿ ಇನ್ವರ್ನೆಸ್ ಊರಿನ ಪಾನಗೃಹವೊಂದರ ನೌಕರರು ಇಂತಹ ಕಾಟವನ್ನು ತಾಳಲಾರದೆ, ಕೆಲಸದ ವೇಳೆಯಲ್ಲಿ ಕಿಲ್ಟನ್ನು ಬಿಟ್ಟ ಸುದ್ದಿ ಪ್ರಕಟವಾಯಿತು. ಕೀಟಲೆ ಮಾಡುತ್ತಿದ್ದವರು ಹೆಂಗಸರು. ಹೆಣ್ಣುಮಕ್ಕಳ ಸೆರಗಿಗೆ ಕೈಹಾಕಿದವನನ್ನು ದಂಡಿಸುವ ಸಮಾಜವು ಗಂಡಸಿನ ನಿರಿಗೆಗೆ ಕೈಹಾಕಿದವರನ್ನು ನಕ್ಕು ಬಿಡುವುದು ನ್ಯಾಯವಲ್ಲ. ಚಡ್ಡಿಯು ಇಂತಹ ಒರಟುತನವನ್ನು ತಡೆಯದಿದ್ದರೂ, ಅದರ ನೋವನ್ನು ಅರ್ಧಕ್ಕೆ ಇಳಿಸುವುದು.

ಮದುವೆಯ ಹಿಂದಿನ ದಿನ ಮನೆಯಲ್ಲಿಯೇ ಎಲ್ಲವನ್ನೂ ತೊಟ್ಟು ಮೆಟ್ಟಿಲೇರಿ ಇಳಿದು ನೋಡುವುದು ಒಳ್ಳೆಯದು. ಕುಳಿತುಕೊಳ್ಳುವಾಗ ಹಿಂದಿನ ನಿರಿಗೆಗಳನ್ನು ಅಂಗೈಯಿಂದ ಸವರಿ ಕೆಳಗೆ ಸೇರಿಸಬೇಕು. ನಮ್ಮ ಹೆಂಗಸರು ಸೀರೆಯ ನಿರಿಗೆಯನ್ನು ಒತ್ತಿಕೊಳ್ಳುವ ಹಾಗೆಯೇ. ಸ್ಪೊರನ್ ಎಂಬ ತೊಗಲುಚೀಲವು ಮುಂದೆ ಸರಪಣಿಯಿಂದ ತೂಗಾಡುವುದಷ್ಟೆ. ಕುಳಿತಾಗ ಅದು ತೊಡೆಗಳ ನಡುವೆ ಇಳಿದು ಸೆರಗನ್ನು ಒತ್ತಿ ಹಿಡಿಯುವುದು. ಸೆರಗಿನ ಅಂಚಿನ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚತಕ್ಕದ್ದು. ಎರಡಕ್ಕೂ ಚುಚ್ಚಿದರೆ ಬಟ್ಟೆಯು ಜಗ್ಗಿ ಹರಿಯುವ ಭಯವಿದೆ. ಬೇಸಗೆಯಲ್ಲಿ ಬೆಟ್ಟದ ಸೀಮೆಗೆ ಹೋಗುವವರಿಗೆ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳ ಕಾಟವಿರುವುದರಿಂದ, ಬರಿಯ ಮಂಡಿಗಳಿಗೆ ಸವರಿಕೊಳ್ಳಲು ಔಷಧವನ್ನು ಸ್ಪೊರನ್ನಿನಲ್ಲಿಯೇ ಇಟ್ಟುಕೊಳ್ಳುವುದು ಲೇಸು.