ಪೇಟಿಯ ಪಕ್ಕದಲ್ಲಿ ಗಿಟಾರು

ಶಿಶುನಾಳ ಷರೀಫಜ್ಜನ ತತ್ವಪದಕ್ಕೆ ಗಿಟಾರು ಯಾಕೆ ಎಂದು ಬೇಸರಿಸುವ ಹಿರಿಯರು ನಮ್ಮೂರು ಹಣಕೋಣದಲ್ಲೂ ಇದ್ದಾರೆ. ಅವರ ಕಳವಳ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಚೌತಿಯ ಭಜನೆಗೆ ನಾವು ಮುಂದಿಟ್ಟುಕೊಳ್ಳುವ ಪೇಟಿ, ಅಂದರೆ ಹಾರ್ಮೋನಿಯಂ, ಯುರೋಪಿನಿಂದ ಬಂದದ್ದು. ನಮ್ಮ ಗಮಕಗಳಿಗೆ ಅದು ಒಗ್ಗದೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಇವತ್ತು ಪೇಟಿಯಿಲ್ಲದೆ ಭಜನೆಗೆ ಕಳೆಯೇ ಇಲ್ಲ.

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಭಜನೆಯಲ್ಲಿ ಮರಾಠಿ ಅಭಂಗ ಎಂದು ಬೆಳೆದ ಕಿವಿಗೆ ಗಾಯಕ ರಘು ದೀಕ್ಷಿತರ ಮೊದಲ ಆಲ್ಬಂ ಪರಕೀಯ ಅನ್ನಿಸಲೇ ಇಲ್ಲ. 2008ರಲ್ಲಿ ಬಂದ ಆ ಆಲ್ಬಂನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇದ್ದವು. ಜನಪದದ ಕುಣಿತ, ರಾಕ್‌ನ ಬಿರುಸು, ಪಿಟೀಲು ಎಲ್ಲ ಇದ್ದವು. ಷರೀಫರ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಎರಡೂ ಇದ್ದವು. ಅಲ್ಲಿಯವರೆಗೆ ಷರೀಫರೆಂದರೆ ನಮಗೆ ಸಿ. ಅಶ್ವತ್ಥರ ಕಂಠ, 1990ರ ನಾಗಾಭರಣರ ಸಿನಿಮಾ.

ಆಷಾಢದ ಮಳೆಗೆ ಹಂಚು ಸರಿದು, ನಡುಮನೆಯಲ್ಲಿ ತಪ್ಪಲೆ, ಬಕೆಟ್ಟು, ಕೊನೆಗೆ ಊಟದ ತಟ್ಟೆಯನ್ನೂ ಇಟ್ಟು ನೀರು ಹಿಡಿದ ಮನೆ ನಮ್ಮದು. ಅಶ್ವತ್ಥರು ‘ಸೋರುತಿಹುದು’ ಹಾಡಿದಾಗ ಆ ಸೋರಿಕೆ ಒಳಗಿನದು, ಅಜ್ಞಾನದ್ದು ಎಂದು ತಿಳಿಯಿತು. ರಘು ಹಾಡಿದಾಗ, ಈಗಲೇ ಏಣಿ ಹಾಕಿ ಮಾಡು ಹತ್ತಬೇಕು ಎಂಬ ತರಾತುರಿ ಹುಟ್ಟಿತು. ಅದೇ ಪದ, ಬೇರೆ ತುರ್ತು.

ಕಲಬೆರಕೆಗೂ ಕೂಡಿಕೆಗೂ ಇರುವ ವ್ಯತ್ಯಾಸವನ್ನು ನನಗೆ ತೋರಿಸಿದ್ದು ದೂರದ ಇನ್ನೊಂದು ಆಲ್ಬಂ. ಪಂಕ್ ತಂಡ ಸೆಕ್ಸ್ ಪಿಸ್ತೂಲ್ಸ್ ಬಿಟ್ಟು ಬಂದ ಜಾನ್ ಲೈಡನ್, 1979ರಲ್ಲಿ ತಮ್ಮ ಹೊಸ ತಂಡದೊಡನೆ ‘ಮೆಟಲ್ ಬಾಕ್ಸ್’ ತಂದರು. ದುಂಡನೆಯ ತಗಡಿನ ಡಬ್ಬಿಯೊಳಗೆ ಮೂರು ತಟ್ಟೆಗಳು. ಜಾ ವಾಬಲ್ ಅವರ ಬೇಸ್ ಜಮೈಕಾದ ಡಬ್ ಸಂಗೀತದಿಂದ ಕಲಿತದ್ದು, ಎದೆಗೇ ತಾಗುತ್ತದೆ. ಸಾವಿನಂಚಿನಲ್ಲಿದ್ದ ತಾಯಿಗಾಗಿ ಲೈಡನ್ ಕೂಗಿ ಹಾಡುವಾಗ ಕೀತ್ ಲೆವೀನ್ ಅವರ ಗಿಟಾರು ಚೈಕೋವ್‌ಸ್ಕಿಯ ‘ಸ್ವಾನ್ ಲೇಕ್’ ಧಾಟಿಯನ್ನು ಹಿಡಿಯುತ್ತದೆ. ಅಲ್ಲಿ ಯಾವುದೂ ಇನ್ನೊಂದಕ್ಕೆ ಅಲಂಕಾರವಲ್ಲ. ಪೋಸ್ಟ್-ಪಂಕ್ ಎಂದು ಕರೆಸಿಕೊಂಡ ಆ ದಾರಿಯಲ್ಲಿ ಇಂದಿಗೂ ಹೊಸಬರು ನಡೆಯುತ್ತಿದ್ದಾರೆ.

ನಮ್ಮಲ್ಲಿಗೆ ಮರಳಿದರೆ, ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮವೂ ಜನಪದ, ರಾಕ್ ಎರಡನ್ನೂ ಬೆಸೆದ ತಂಡವೇ. ಈಗ ತತ್ವಪದವನ್ನು ಡ್ರಮ್ಸ್ ಜೊತೆ ಹಾಡಿದರೆ ಹೆಚ್ಚಿನವರು ಬೆಚ್ಚುವುದಿಲ್ಲ. ಹಾಗೆಂದು ಎಲ್ಲವೂ ಚೆನ್ನಾಗಿದೆ ಎನ್ನಲಾರೆ. ಮಾತು ಕೇಳಿಸದ ಅಬ್ಬರ ತತ್ವಪದಕ್ಕೆ ಮಾಡುವ ಅನ್ಯಾಯ. ಹಾಡಲು ಹೊರಟ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ: ಗಿಟಾರು ಶ್ರುತಿ ಮಾಡುವ ಮೊದಲು ಪದವನ್ನು ಪೂರ್ತಿ ಬಾಯಿಪಾಠ ಮಾಡಿಕೊಳ್ಳಿ.