ಬರಿಗೈಯಲ್ಲಿ ಮರಳಿದ ವೀರ

ನಮ್ಮ ಇತಿಹಾಸದ ಅಧ್ಯಾಪಕರು ಒಂದು ದಿನ ಮೆಸೊಪೊಟೇಮಿಯದ ಪಾಠವನ್ನು ಬೇಗನೆ ಮುಗಿಸಿ, ಉಳಿದ ಹತ್ತು ನಿಮಿಷಗಳಲ್ಲಿ ಗಿಲ್ಗಮೇಶನ ಕಥೆಯನ್ನು ಹೇಳಿದರು. ತರಗತಿಯಲ್ಲಿ ಹಲವರು ಗಡಿಯಾರವನ್ನು ನೋಡುತ್ತಿದ್ದರು, ನಾನೂ ಅವರಲ್ಲೊಬ್ಬ. ಆದರೆ ಆ ಅರಸನು ಗೆಳೆಯನ ಹೆಣವನ್ನು ಏಳು ರಾತ್ರಿ ಹೂಳಗೊಡಲಿಲ್ಲವೆಂದು ಅವರು ಹೇಳಿದಾಗ ನನ್ನ ಲೇಖನಿ ನಿಂತಿತು. ಅಂದು ಸಂಜೆಯೇ ವಾಚನಾಲಯದಿಂದ ಆ ಕಾವ್ಯದ ಇಂಗ್ಲಿಷ್ ಅನುವಾದವನ್ನು ತಂದೆನು.

ಈ ಕಾವ್ಯವು ಲೋಕಕ್ಕೆ ಮರಳಿ ದೊರೆತದ್ದೇ ಒಂದು ಕಥೆ. ಅಸ್ಸೀರಿಯದ ದೊರೆ ಅಶುರ್ಬನಿಪಾಲನು ನಿನೆವೆಯಲ್ಲಿ ಕೂಡಿಸಿದ್ದ ಗ್ರಂಥಭಂಡಾರದ ಮಣ್ಣಿನ ಹಲಗೆಗಳು ಎರಡು ಸಾವಿರ ವರ್ಷಗಳಿಗೂ ಮಿಕ್ಕು ನೆಲದಲ್ಲಿ ಹುದುಗಿದ್ದವು. ೧೮೭೨ರಲ್ಲಿ, ಮೊದಲು ನೋಟಿನ ಅಚ್ಚು ಕೆತ್ತುವ ಕಸುಬಿನಲ್ಲಿದ್ದ ಜಾರ್ಜ್ ಸ್ಮಿತ್ ಎಂಬಾತನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅವುಗಳೊಳಗೆ ಜಲಪ್ರಳಯದ ಕಥೆಯನ್ನು ಓದಿದನು. ಅಲ್ಲಿಂದೀಚೆಗೆ ತುಣುಕುಗಳು ಸಿಗುತ್ತಲೇ ಇವೆ.

ಉರುಕ್ ಪಟ್ಟಣದ ಅರಸನಾದ ಗಿಲ್ಗಮೇಶನು ಮೂರರಲ್ಲಿ ಎರಡು ಪಾಲು ದೇವರು, ಒಂದು ಪಾಲು ಮನುಷ್ಯ. ಅವನ ಸೊಕ್ಕನ್ನು ಮುರಿಯಲೆಂದು ದೇವತೆಗಳು ಮಣ್ಣಿನಿಂದ ಎಂಕಿಡುವನ್ನು ಮಾಡಿದರು. ಇಬ್ಬರೂ ಹೊಡೆದಾಡಿ ಗೆಳೆಯರಾದರು. (ನಮ್ಮ ಹಾಸ್ಟೆಲಿನಲ್ಲಿಯೂ ಒಳ್ಳೆಯ ಸ್ನೇಹಗಳು ಹೀಗೆಯೇ ಹುಟ್ಟುತ್ತವೆ.) ಕೀರ್ತಿಯನ್ನು ಬಯಸಿ ದೇವದಾರು ವನಕ್ಕೆ ನಡೆದು, ಅದರ ಕಾವಲುಗಾರ ಹುಂಬಾಬನನ್ನು ಕೊಂದು, ಮರಗಳನ್ನು ಕಡಿದು ತಂದರು. ೨೦೧೧ರಲ್ಲಿ ಇರಾಕಿನ ಸುಲೈಮಾನಿಯಾ ಮ್ಯೂಸಿಯಮ್ಮು ಕೊಂಡ ಒಂದು ಹಲಗೆಯಲ್ಲಿ ಇಲ್ಲಿಗೆ ಸೇರುವ ಹೊಸ ಸಾಲುಗಳು ದೊರೆತಿವೆ: ಕಾಡನ್ನು ಬಂಜರು ಮಾಡಿಬಿಟ್ಟೆವೆಂದು ಎಂಕಿಡುವು ಮರುಗುತ್ತಾನೆ. ಗೆದ್ದವನೇ ಹೀಗೆ ಮರುಗುವುದನ್ನು ನಾನು ವೀರಕಾವ್ಯದಲ್ಲಿ ನಿರೀಕ್ಷಿಸಿರಲಿಲ್ಲ.

ಹುಂಬಾಬನನ್ನೂ ಸ್ವರ್ಗದ ಗೂಳಿಯನ್ನೂ ಕೊಂದುದಕ್ಕೆ ಇಬ್ಬರಲ್ಲಿ ಒಬ್ಬನು ಸಾಯಬೇಕೆಂದು ದೇವತೆಗಳು ತೀರ್ಮಾನಿಸಿದರು. ಎಂಕಿಡುವು ಯುದ್ಧದಲ್ಲಿ ಸಾಯಲಿಲ್ಲ. ಹನ್ನೆರಡು ದಿನ ಹಾಸಿಗೆ ಹಿಡಿದು ಸತ್ತನು. ರಣದಲ್ಲಿ ಬೀಳುವ ಭಾಗ್ಯ ತನಗಿಲ್ಲವಾಯಿತೆಂದು ಅವನು ಕೊರಗುವನು. ಗಿಲ್ಗಮೇಶನು ಗೆಳೆಯನ ಮುಖಕ್ಕೆ ಮದುಮಗಳಿಗೆ ಮುಸುಕು ಹಾಕುವಂತೆ ಬಟ್ಟೆ ಹೊದಿಸಿ, ಮೂಗಿನಿಂದ ಹುಳು ಉದುರುವವರೆಗೂ ಹೆಣವನ್ನು ಬಿಟ್ಟುಕೊಡಲಿಲ್ಲ.

ನನ್ನ ಕೊಠಡಿಯ ಜೊತೆಗಾರನೂ ಹಾಸಿಗೆ ಹಿಡಿದೇ ಸತ್ತನು. ಕಳೆದ ವರ್ಷ ಬೇಸಗೆ ರಜೆಗೆ ಊರಿಗೆ ಹೋದವನಿಗೆ ಜ್ವರ ಬಂದಿತು. ಹತ್ತು ದಿನಗಳಲ್ಲಿ ತೀರಿಹೋದನು. ಸುದ್ದಿ ತಲುಪಿದಾಗ ನಾನು ಹೋಗಲಿಲ್ಲ. ಬಸ್ಸು ಸಿಗುವುದಿಲ್ಲವೆಂದು ಮನೆಯಲ್ಲಿ ಹೇಳಿದೆ, ಬಸ್ಸು ಇದ್ದಿತು. ಅವನ ತಗಡಿನ ಪೆಟ್ಟಿಗೆ ನನ್ನ ಮಂಚದ ಕೆಳಗೆ ಉಳಿಯಿತು. ಜೂನಿನಲ್ಲಿ ಒಯ್ದು ಕೊಡುತ್ತೇನೆಂದುಕೊಂಡೆ, ಜೂನ್ ಕಳೆಯಿತು. ದುಃಖದಿಂದ ಹೋಗಲಿಲ್ಲವೆಂದು ಸ್ನೇಹಿತರು ತಿಳಿದರು. ನಾನೂ ಹಾಗೆಯೇ ನಂಬಿದ್ದೆನು.

ಗಿಲ್ಗಮೇಶನು ನನಗಿಂತ ಪ್ರಾಮಾಣಿಕ. ಕಾಡಿನಲ್ಲಿ ಅಲೆಯುತ್ತ ಅವನು ಕೇಳಿಕೊಳ್ಳುವ ಪ್ರಶ್ನೆ ಗೆಳೆಯನನ್ನು ಕುರಿತದ್ದಲ್ಲ: ನಾನೂ ಹೀಗೆಯೇ ಸಾಯುವೆನಲ್ಲವೆ, ಎಂಬುದು. ಅವನ ಎರಡನೆಯ ಯಾತ್ರೆ ಹೊರಡುವುದು ಈ ಹೆದರಿಕೆಯಿಂದ. ಮೊದಲನೆಯದರಲ್ಲಿ ಜೊತೆಗಾರನಿದ್ದ. ಇದರಲ್ಲಿ ಅವನೊಬ್ಬನೇ, ಮೈಮೇಲೊಂದು ಸಿಂಹದ ಚರ್ಮ. ಚೇಳುಮಾನವರು ಕಾಯುವ ಬೆಟ್ಟ, ಸೂರ್ಯನು ಹಾಯುವ ಕತ್ತಲೆಯ ದಾರಿ, ಮೃತ್ಯುಜಲ—ಎಲ್ಲವನ್ನೂ ದಾಟಿ, ಪ್ರಳಯದಲ್ಲಿ ಉಳಿದು ಅಮರನಾದ ಉತ್ನಪಿಷ್ಟಿಮನ ಬಳಿಗೆ ಬರುತ್ತಾನೆ.

ಆ ಮುದುಕನು ಇಡುವ ಪರೀಕ್ಷೆ ಬಹು ಸಣ್ಣದು: ಆರು ಹಗಲು ಏಳು ರಾತ್ರಿ ನಿದ್ದೆ ಮಾಡದಿರು. ಕುಳಿತೊಡನೆಯೇ ನಮ್ಮ ವೀರನಿಗೆ ನಿದ್ದೆ ಮುಸುಕಿತು! ಎದ್ದರೆ ಒಪ್ಪಲಾರನೆಂದು ಮುದುಕನು ಹೆಂಡತಿಗೆ ಹೇಳಿ, ದಿನಕ್ಕೊಂದು ರೊಟ್ಟಿ ಸುಡಿಸಿ ತಲೆಯ ಬಳಿ ಇಡಿಸಿದನು. ಈಗತಾನೇ ಕಣ್ಣು ಮುಚ್ಚಿದ್ದೆನೆಂದು ಗಿಲ್ಗಮೇಶನು ಹೇಳುವಾಗ ಅಲ್ಲಿ ಏಳು ರೊಟ್ಟಿಗಳಿವೆ. ಮೊದಲನೆಯದು ಒಣಗಿದೆ, ಒಂದಕ್ಕೆ ಬೂಷ್ಟು ಹಿಡಿದಿದೆ, ಏಳನೆಯದು ಇನ್ನೂ ಕೆಂಡದ ಮೇಲಿದೆ. ಇದನ್ನು ಓದಿದ ರಾತ್ರಿ ದೀಪ ಹಿಡಿದು ಮಂಚದ ಕೆಳಗೆ ನೋಡಿದೆನು. ಪೆಟ್ಟಿಗೆಯ ಮೇಲೆ ಬೆರಳು ಎಳೆದರೆ ಗೆರೆ ಮೂಡುವಷ್ಟು ಧೂಳು ಕುಳಿತಿದ್ದಿತು.

ನಮ್ಮ ನಚಿಕೇತನೂ ಸಾವಿತ್ರಿಯೂ ಯಮನಿಂದ ವರಗಳನ್ನು ಪಡೆದು ಬಂದರು. ಇವನಿಗೆ ಸಿಕ್ಕಿದ್ದು, ಕಾಲಿಗೆ ಕಲ್ಲು ಕಟ್ಟಿಕೊಂಡು ನೀರಿನ ತಳದಿಂದ ಕಿತ್ತು ತಂದ ಯೌವನದ ಒಂದು ಗಿಡ. ಅದನ್ನು ಅಲ್ಲಿಯೇ ತಿನ್ನಬಹುದಿತ್ತು. ಊರಿನ ಮುದುಕನೊಬ್ಬನಿಗೆ ಕೊಟ್ಟು ನೋಡುವೆನೆಂದು ಇಟ್ಟುಕೊಂಡನು. ದಾರಿಯಲ್ಲಿ ತಣ್ಣನೆಯ ಕೊಳದಲ್ಲಿ ಮೀಯುತ್ತಿರುವಾಗ ಹಾವೊಂದು ಕದ್ದೊಯ್ದು, ಹೋಗುತ್ತಲೇ ಪೊರೆ ಬಿಟ್ಟಿತು. ಗಿಲ್ಗಮೇಶನು ಕುಳಿತು ಅತ್ತನು.

ಆಮೇಲೆ ನಡೆದು ಊರು ಸೇರಿದನು. ಜೊತೆಗೆ ಬಂದ ದೋಣಿಗಾರ ಉರ್ಶನಬಿಗೆ, ಕೋಟೆಯ ಮೇಲೆ ಹತ್ತಿ ಇಟ್ಟಿಗೆಗಳನ್ನು ನೋಡೆಂದು ಹೇಳಿದನು. ಕಾವ್ಯದ ಮೊದಲಲ್ಲಿ ಓದುಗನಿಗೆ ಹೇಳಿದ ಮಾತನ್ನೇ ಈಗ ಅವನ ಬಾಯಿಂದ ಹೇಳಿಸಿದೆ. ಹನ್ನೆರಡನೆಯ ಹಲಗೆಯೊಂದು ಇದೆಯಾದರೂ ಅದು ಹಿಂದಿನಿಂದ ಅಂಟಿಸಿದಂತಿದೆ. ನನಗೆ ಕಥೆ ಗೋಡೆಯ ಬಳಿಯೇ ಮುಗಿಯಿತು.

ದಸರೆಯ ರಜೆಯಲ್ಲಿ ಪೆಟ್ಟಿಗೆಯನ್ನು ಒರಸಿ ಬಸ್ಸಿನ ಮೇಲೆ ಹಾಕಿಸಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆನು. ಬಾಗಿಲಲ್ಲಿ ಒಂದೂ ನೆನಪಾಗಲಿಲ್ಲ. ಅವನ ತಾಯಿ ಪೆಟ್ಟಿಗೆಯನ್ನು ತೆರೆಯಲಿಲ್ಲ. ಗೋಡೆಗೆ ಒತ್ತಿ ಇಟ್ಟು, ಕಾಲಿಗೆ ನೀರು ಕೊಟ್ಟು, ಊಟ ಮಾಡಿಕೊಂಡು ಹೋಗೆಂದರು.