ಕ್ಯಾನ್ಸಸ್ ಅಜ್ಜಿಯ ಜೊತೆ ನೋಡಿದ ಸಿನಿಮಾ

ಆ ಅಜ್ಜಿ ಪಾಪ್‌ಕಾರ್ನಿಗೆ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಿದ್ದರು ಅಂದರೆ ನಮ್ಮ ಮನೆಯಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಅಮ್ಮ ಸಾಗರದಿಂದ ಪಾರ್ಸೆಲ್ ಮಾಡಿ ಕಳಿಸಿದ ಚಟ್ನಿಪುಡಿ. ತಿಂದವರು ಅಮೆರಿಕದ ನಟ್ಟನಡುವಿನ ಕ್ಯಾನ್ಸಸ್ ರಾಜ್ಯದಲ್ಲಿ ಗೋಧಿ ಬೆಳೆದುಕೊಂಡಿದ್ದ ಹೆಂಗಸು. ಸಿನಿಮಾಕ್ಕೆ ಹೊರಟರೆ ಪುಟ್ಟ ಡಬ್ಬಿಗೆ ಹಾಕಿ ಕೈಚೀಲದಲ್ಲಿ ಇಟ್ಟುಕೊಳ್ಳೋರು. ಕತ್ತಲಲ್ಲಿ ಮುಚ್ಚಳ ಟಕ್ ಅಂದಿತೋ ಇಲ್ಲವೋ, ಮುಂದಿನ ಸಾಲಿನವರು ಇಂಗಿನ ವಾಸನೆಗೆ ಹಿಂತಿರುಗಿ ನೋಡೋರು. "ಪ್ರೊಫೆಸರ್, ನಿಮ್ಮಮ್ಮನಿಗೆ ಬರಿ, ಈ ಸಲ ಖಾರ ಸಾಲದು" ಅಂತ ಅಜ್ಜಿ ನನಗೇ ದೂರು ಹೇಳೋರು.

ನಾನು ಪ್ರೊಫೆಸರೂ ಅಲ್ಲ, ಏನೂ ಅಲ್ಲ. ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಧಾನ್ಯ ವಿಜ್ಞಾನ ಓದಲು ಹೋದವನು. ಗೋಧಿ ಬೀಸೋದು ಕಲಿಯೋಕೆ ಅಷ್ಟು ದೂರ ಹೋಗಬೇಕೇನೋ, ನಮ್ಮ ಪೇಟೆಯ ಹಿಟ್ಟಿನ ಗಿರಣಿಯವನು ಹೇಳಿಕೊಡಲ್ವೇನೋ ಅಂತ ಸೋದರಮಾವ ಕೇಳಿದ್ದರು. ಯೂನಿವರ್ಸಿಟಿ ಇರೋ ಊರಿನ ಹೆಸರು ಮ್ಯಾನ್‌ಹಟನ್. ನ್ಯೂಯಾರ್ಕಿನದಲ್ಲ, ಇದು ಬೇರೆ. ಮುಗಿಲು ಮುಟ್ಟೋ ಕಟ್ಟಡದ ಮುಂದೆ ನಿಂತು ಫೋಟೋ ಕಳಿಸು ಅಂತ ಊರಿಂದ ಕಾಗದ ಬರೋದು. ಅಲ್ಲಿ ಎತ್ತರಕ್ಕೆ ನಿಂತಿದ್ದದ್ದು ಗೋಧಿ ತುಂಬಿಡೋ ಕಾಂಕ್ರೀಟ್ ಕಣಜಗಳು ಮಾತ್ರ. ಅದರ ಮುಂದೆಯೇ ನಿಂತು ತೆಗೆಸಿಕೊಂಡು ಕಳಿಸಿದೆ.

ಅಜ್ಜಿಯ ಮನೆ ಊರಿನ ಆಚೆ, ಹುಲ್ಲುಗುಡ್ಡಗಳ ಬದಿಯಲ್ಲಿ. ಮಹಡಿ ಮೇಲಿನ ಕೋಣೆ ನನಗೆ ಬಾಡಿಗೆಗೆ. ಎದುರಿಗೆ ಮಿಸೆಸ್ ಅಂತ ಸೇರಿಸಿಯೇ ಕರೆಯುತ್ತಿದ್ದೆ. ಈಗ ನೆನೆದರೆ ಬಾಯಿಗೆ ಬರೋದು ಅಜ್ಜಿ ಅಂತಲೇ. ಗಂಡ ಬಿಟ್ಟುಹೋದ ಕ್ಯಾಪು ಸದಾ ತಲೆಮೇಲೆ, ಚರ್ಚಿಗೆ ಮಾತ್ರ ತೆಗೆಯೋರು. ಅಡುಗೆಮನೆಯಲ್ಲಿ ಹವಾಮಾನದ ರೇಡಿಯೋ ದಿನವಿಡೀ ಗೊಣಗುತ್ತಿರಬೇಕು. ಸುಂಟರಗಾಳಿ ಅನ್ನೋ ಮಾತನ್ನು ಅವರು ಬಾಯಲ್ಲಿ ಆಡುತ್ತಿರಲಿಲ್ಲ. "ಇವತ್ತು ಸಂಜೆ ಹವಾ ಇದೆ" ಅಂದರೆ ಮುಗಿಯಿತು, ನಾವೇ ಅರ್ಥ ಮಾಡಿಕೊಳ್ಳಬೇಕು. ಬಿಯರಾಕ್ ಅಂತ ಒಂದು ತಿಂಡಿ ಮಾಡೋರು. ರಷ್ಯಾದ ವೋಲ್ಗಾ ದಂಡೆಯಿಂದ ಬಂದ ಜರ್ಮನ್ ರೈತರು ಆ ಸೀಮೆಗೆ ತಂದ ತಿಂಡಿ ಅದು: ಬನ್ನಿನೊಳಗೆ ದನದ ಮಾಂಸ, ಎಲೆಕೋಸು ತುಂಬಿ ಬೇಯಿಸೋದು. ನಾನು ಮಾಂಸ ತಿನ್ನೋದಿಲ್ಲ ಅಂತ ತಿಳಿದ ಮೇಲೆ ಬರೀ ಎಲೆಕೋಸು, ಈರುಳ್ಳಿ, ಮೆಣಸು ಹಾಕಿ ನನ್ನ ಪಾಲಿಂದು ಬೇರೆ ಮಾಡಿ, ಗುರುತಿಗೆ ಮೇಲೊಂದು ಚುಕ್ಕೆ ಚುಚ್ಚಿಡೋರು. ಬಿಸಿಯಾಗಿ ತಿಂದರೆ ಸೊಗಸು. ಆರಿದರೆ ಅಷ್ಟಕ್ಕಷ್ಟೆ.

ಸರಿ, ಸಿನಿಮಾದ ವಿಷಯಕ್ಕೆ ಬರುತ್ತೇನೆ.

ಕ್ಯಾನ್ಸಸ್ ಅಂದರೆ ಜಗತ್ತಿಗೆಲ್ಲ ನೆನಪಾಗೋದು 'ದಿ ವಿಝರ್ಡ್ ಆಫ್ ಓಝ್'. ಎಂಜಿಎಂನವರು 1939ರಲ್ಲಿ ತೆಗೆದದ್ದು. ಸುಂಟರಗಾಳಿ ಡೊರೊಥಿ ಅನ್ನೋ ಹುಡುಗಿಯ ಮನೆಯನ್ನೇ ಎತ್ತಿ ಓಝ್ ಅನ್ನೋ ಮಾಯಾಲೋಕದಲ್ಲಿ ಇಳಿಸುತ್ತೆ, ಡೊರೊಥಿಯಾದ ಜೂಡಿ ಗಾರ್ಲೆಂಡ್ ಹಾಡುತ್ತಾ ಹಳದಿ ಇಟ್ಟಿಗೆ ದಾರಿಯಲ್ಲಿ ಹೋಗುತ್ತಾಳೆ. ವರ್ಷಕ್ಕೊಮ್ಮೆ ಅದನ್ನು ಟೀವಿಯಲ್ಲಿ ಹಾಕೋರು, ಇಡೀ ದೇಶ ಕೂತು ನೋಡೋದು. ಅಜ್ಜಿಯೂ ನೋಡೋರು, ಬೈದುಕೊಂಡು. ಅವರಿಗೆ ಪುಸ್ತಕಗಳೇ ದೊಡ್ಡವು. ಎಲ್. ಫ್ರ್ಯಾಂಕ್ ಬಾಮ್ 1900ರಲ್ಲಿ ಮೊದಲನೆಯದು ಬರೆದ. ಮಕ್ಕಳ ಕಾಟ ತಡೆಯಲಾರದೆ ಮುಂದುವರಿಸಿ ಒಟ್ಟು ಹದಿನಾಲ್ಕು ಬರೆದ. ಅಜ್ಜಿಯ ಬೀರುವಿನಲ್ಲಿ ಅರ್ಧ ಡಜನ್ ಇದ್ದವೇನೋ, ಬೆನ್ನು ಕಿತ್ತುಬಂದವು, ಜಾನ್ ಆರ್. ನೀಲ್ ಬಿಡಿಸಿದ ಚಿತ್ರಗಳವು. ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಹೆಸರು ಅಜ್ಜಿಯದಲ್ಲ, ಅವರ ಅಕ್ಕನದು.

1985ರ ಬೇಸಿಗೆ. ವಿಚಿಟಾದಿಂದ ಮೊಮ್ಮಗಳು ರಜೆಗೆ ಬಂದಿದ್ದಳು. ಏಳೋ ಎಂಟೋ ವರ್ಷ, ಮುಂದಿನ ಹಲ್ಲು ಬಿದ್ದಿತ್ತು. ಗೋಧಿ ಕಟಾವು ಮುಗಿಯುತ್ತ ಬಂದಿತ್ತು ಅನ್ನೋದು ಖಂಡಿತ. ರಸ್ತೆ ತುಂಬಾ ಹೊಟ್ಟಿನ ಧೂಳು, ಕೊಯ್ಲಿನ ಯಂತ್ರಗಳ ಮೆರವಣಿಗೆ, ನನಗೆ ಸೀನು. ಪಕ್ಕದ ಸಣ್ಣ ಪೇಟೆಯ ಥಿಯೇಟರಿಗೆ ಹೊಸ ಓಝ್ ಸಿನಿಮಾ ಬಂದಿದೆ ಅಂತ ಗೊತ್ತಾಯಿತು. ಡಿಸ್ನಿಯವರ 'ರಿಟರ್ನ್ ಟು ಓಝ್'. ಪಿಕಪ್ ಗಾಡಿಯಲ್ಲಿ ಮೂವರೂ ಇಕ್ಕಟ್ಟಾಗಿ ಕೂತು ಹೊರಟೆವು. ಗಾಳಿ ಪೂರ್ತಿ ನಿಂತಿತ್ತು, ಪಡುವಣದ ಆಕಾಶ ಹಸಿರುಗಪ್ಪಾಗಿತ್ತು. ಅಜ್ಜಿ ಒಂದು ಸಲ ನೋಡಿ, "ಹವಾ ಇದೆ" ಅಂದರು. ಅಂದವರು ಗಾಡಿ ತಿರುಗಿಸಲಿಲ್ಲ.

ಥಿಯೇಟರಿನಲ್ಲಿ ಜನ ಹಾಡಿಗಾಗಿ ಕಾದು ಕೂತಿದ್ದರು. ಹಾಡೇ ಇಲ್ಲ! ಡೊರೊಥಿ ಓಝ್‌ನಿಂದ ಬಂದು ಆರು ತಿಂಗಳಾಗಿದೆ, ಹುಡುಗಿಗೆ ನಿದ್ದೆ ಬರುತ್ತಿಲ್ಲ. ಮಾತೆತ್ತಿದರೆ ಮಾತಾಡೋ ಬೆದರುಬೊಂಬೆ, ತಗಡಿನ ಮನುಷ್ಯ ಅಂತಾಳೆ. ಗಾಳಿ ಕೆಡವಿದ ಮನೆಯನ್ನು ಹೆನ್ರಿ ಮಾವ ಇನ್ನೂ ಕಟ್ಟಿ ಮುಗಿಸಿಲ್ಲ, ಸಾಲ ಬೇರೆ. ಎಮ್ ಅತ್ತೆ ಕಡೆಗೆ ಅವಳನ್ನು ಒಬ್ಬ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ. ಅವನ ಹತ್ತಿರ ಹೊಸ ಯಂತ್ರವಿದೆ, ತಲೆಗೆ ಕರೆಂಟು ಕೊಡೋದು. ನೋಡು, ಇದಕ್ಕೆ ಕಣ್ಣಿದೆ, ಮೂಗಿದೆ, ನಾಲಿಗೆ ಇದೆ ಅಂತ ಡಾಕ್ಟರು ಮಗುವಿಗೆ ನಗುತ್ತಾ ತೋರಿಸುತ್ತಾನೆ. ರಾತ್ರಿ ಅವಳನ್ನು ಗಾಲಿಮಂಚಕ್ಕೆ ಕಟ್ಟಿ ತಳ್ಳಿಕೊಂಡು ಹೋಗುತ್ತಾರೆ. ನೆಲಮಾಳಿಗೆಯಿಂದ ಯಾರೋ ಕಿರುಚುತ್ತಿರುತ್ತಾರೆ.

ಡೊರೊಥಿಯಾಗಿ ನಟಿಸಿದ ಫೈರೂಜಾ ಬಾಲ್ಕ್ ನಿಜಕ್ಕೂ ಚಿಕ್ಕ ಹುಡುಗಿ. ಹಳೆಯ ಚಿತ್ರ ತೆಗೆಯುವಾಗ ಜೂಡಿಗೆ ಹದಿನಾರಾಗಿತ್ತು. ಇವಳಿಗೆ ಅದಕ್ಕಿಂತ ಎಷ್ಟೋ ಕಡಿಮೆ, ದೊಡ್ಡ ಕಣ್ಣು ಬೇರೆ. ಅಳೋದಿಲ್ಲ, ಸುಮ್ಮನೆ ನೋಡುತ್ತಾಳೆ. ಅದಕ್ಕೇ ನೋಡೋಕೆ ಇನ್ನೂ ಕಷ್ಟವಾಯಿತು. ನಾನು ಪಕ್ಕಕ್ಕೆ ತಿರುಗಿದರೆ ಅಜ್ಜಿಯ ಕೈ ಪಾಪ್‌ಕಾರ್ನಿನ ಪೊಟ್ಟಣದಲ್ಲೇ ಇತ್ತು, ಬಾಯಿಗೆ ಹೋಗುತ್ತಿರಲಿಲ್ಲ.

ಅದಕ್ಕೂ ಮುಂಚೆ ಒಂದು ತಮಾಷೆ ಆಗಿತ್ತು. ಹೊಲದ ದೃಶ್ಯ ಬಂದ ಕೂಡಲೆ ಅಜ್ಜಿ, "ಇದು ಕ್ಯಾನ್ಸಸ್ ಅಲ್ಲ. ಹುಲ್ಲು ನಮ್ಮದಲ್ಲ" ಅಂತ ನಾಲ್ಕು ಸಾಲಿಗೆ ಕೇಳೋ ಹಾಗೆ ತೀರ್ಪು ಕೊಟ್ಟಿದ್ದರು. ವರ್ಷಗಳ ಮೇಲೆ ಓದಿ ನಕ್ಕೆ. ಚಿತ್ರೀಕರಣವಾದದ್ದು ಇಂಗ್ಲೆಂಡಿನ ಸಾಲಿಸ್ಬರಿ ಬಯಲಿನಲ್ಲಿ, ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ! ಹಳೆಯ ಚಿತ್ರದ ಕ್ಯಾನ್ಸಸ್ಸೂ ಕ್ಯಾಲಿಫೋರ್ನಿಯಾದ ಸ್ಟುಡಿಯೋದೊಳಗಿನದು. ಬಾಮ್ ಕೂಡ ಸಂಸಾರ ಹೂಡಿ ಬರಗಾಲ ಕಂಡದ್ದು ಡಕೋಟಾದ ಅಬರ್‌ಡೀನ್ ಪೇಟೆಯಲ್ಲಿ. ಪಾಪ, ಹೆಸರು ಮಾತ್ರ ಕ್ಯಾನ್ಸಸ್ಸಿಗೆ.

ಡೊರೊಥಿ ಆಸ್ಪತ್ರೆಯಿಂದ ತಪ್ಪಿಸಿಕೊಂಡು, ಹೊಳೆಗೆ ಬಿದ್ದು, ತೇಲಿ ಓಝ್‌ಗೆ ಹೋಗುತ್ತಾಳೆ. ಈ ಸಲ ನಾಯಿ ಟೋಟೋ ಜೊತೆಗಿಲ್ಲ, ಬಿಲೀನಾ ಅಂತ ಒಂದು ಕೋಳಿ. ಓಝ್ ನೆಲ ಮುಟ್ಟಿದ ಮೇಲೆ ಕೋಳಿ ಮಾತಾಡುತ್ತೆ, ಎಲ್ಲದಕ್ಕೂ ತಕರಾರು ತೆಗೆಯುತ್ತೆ. ಮೊಮ್ಮಗಳು ಕುರ್ಚಿಯ ತುದಿಗೆ ಬಂದಳು. ಅಜ್ಜಿಯೂ ಸ್ವಲ್ಪ ಸಡಿಲವಾದರು. ಅವರ ಕೊಟ್ಟಿಗೆಯ ಹಿಂದೆಯೂ ಅಂಥದೇ ಸ್ವಭಾವದ್ದೊಂದು ಇತ್ತು. ಕೋಳಿ ವಿಷಯ ಬಂತು ಅಂತ ಹೇಳುತ್ತೇನೆ, ಬಾಮ್ ಓಝ್ ಬರೆಯೋದಕ್ಕೆ ಎಷ್ಟೋ ಮೊದಲು ಕೋಳಿ ಸಾಕುತ್ತಿದ್ದ. ಕೋಳಿ ಸಾಕಣೆಯವರಿಗೆ ಅಂತಲೇ ಪತ್ರಿಕೆ ನಡೆಸಿದ. 1886ರಲ್ಲಿ ಬಂದ ಅವನ ಮೊದಲ ಪುಸ್ತಕ ಹ್ಯಾಂಬರ್ಗ್ ತಳಿಯ ಕೋಳಿಗಳ ಬಗ್ಗೆ. ಬಿಲೀನಾ ಸುಮ್ಮನೆ ಹುಟ್ಟಿದವಳಲ್ಲ.

ಓಝ್ ಹಾಳಾಗಿರುತ್ತೆ. ಹಳದಿ ಇಟ್ಟಿಗೆ ದಾರಿ ಕಿತ್ತುಹೋಗಿದೆ, ಪಚ್ಚೆಯ ನಗರದ ಜನವೆಲ್ಲ ಕಲ್ಲಾಗಿ ನಿಂತಿದ್ದಾರೆ, ಡೊರೊಥಿಯ ಹಳೆಯ ಗೆಳೆಯರಾದ ತಗಡಿನ ಮನುಷ್ಯನೂ ಅಂಜುಬುರುಕ ಸಿಂಹವೂ ಕಲ್ಲೇ. ಆ ನಿಶ್ಶಬ್ದದಲ್ಲಿ ಕೀರ್‌ಕೀರ್ ಅಂತ ಸದ್ದು ಮಾಡುತ್ತಾ ವ್ಹೀಲರ್‌ಗಳು ಬರುತ್ತಾರೆ. ಕೈಕಾಲಿಗೆ ಬೆರಳಿಲ್ಲ, ಗಾಲಿ. ಸುಳ್ಳೇಕೆ, ನನಗೆ ಬೆವರು ಬಂತು. ನಿರ್ದೇಶಕ ವಾಲ್ಟರ್ ಮರ್ಚ್ ಮೂಲತಃ ಶಬ್ದದ ಮನುಷ್ಯ. 'ಅಪೊಕ್ಯಾಲಿಪ್ಸ್ ನೌ' ಚಿತ್ರದ ಧ್ವನಿಗೆ ಆಸ್ಕರ್ ಪಡೆದವನು. ಯಾವ ಕೀರಲಿಗೆ ಮನುಷ್ಯನ ಬೆನ್ನುಹುರಿ ನಡುಗುತ್ತೆ ಅಂತ ಅವನಿಗೆ ಗೊತ್ತಿಲ್ಲದೆ ಇರುತ್ತಾ?

ಡೊರೊಥಿಗೆ ಕರೆಂಟು ಕೊಡೋ ಹೊತ್ತಿಗೆ ಚಿತ್ರದಲ್ಲಿ ಸಿಡಿಲು ಬಡಿದು ಆಸ್ಪತ್ರೆಯ ದೀಪ ಆರುತ್ತೆ. ನಮ್ಮ ಥಿಯೇಟರಿನ ಕರೆಂಟೂ ಅದೇ ಗಳಿಗೆಯಲ್ಲಿ ಹೋಯಿತು ಅಂತ ಹೇಳಿದರೆ ಕಥೆಗೆ ಚೆನ್ನ. ಆದರೆ ಹೋದದ್ದು ಈ ಗಾಲಿಯವರು ಬಂದ ಮೇಲೆ. ಕತ್ತಲು. ಮೊಮ್ಮಗಳು ಹೆದರಲಿಲ್ಲ, ಬಾಯಲ್ಲೇ ಕೀರ್‌ಕೀರ್ ಮುಂದುವರಿಸಿದಳು. ಅಷ್ಟರಲ್ಲಿ ಹೊರಗೆ ಪೇಟೆಯ ಸೈರನ್ ಕೂಗಿತು. ಮ್ಯಾನೇಜರ್ ಟಾರ್ಚ್ ಹಿಡಿದು ಬಂದು ಎಲ್ಲರನ್ನೂ ಎದುರಿನ ಚರ್ಚಿನ ನೆಲಮಾಳಿಗೆಗೆ ಕಳಿಸಿದ. ರಸ್ತೆ ದಾಟುವಷ್ಟರಲ್ಲಿ ಆಲಿಕಲ್ಲು.

ಅಮೆರಿಕದ ಹಳ್ಳಿ ಚರ್ಚಿನ ನೆಲಮಾಳಿಗೆಯಲ್ಲಿ ತಿನ್ನೋಕೆ ಏನಾದರೂ ಇದ್ದೇ ಇರುತ್ತೆ. ಅವತ್ತು ಹುಳಿ ದಂಟಿನ ರೂಬಾರ್ಬ್ ಪೈ ಇತ್ತು, ತಣ್ಣಗಾದ ಕಾಫಿ ಇತ್ತು, ನಡುಗೋ ಹಸಿರು ಜೆಲ್ಲಿಯೂ ಇತ್ತು. ಜೆಲ್ಲಿಗೆ ಕೈ ಚಾಚಿದ್ದೆ. ಅದು ದನದ ಮೂಳೆಯದು ಕಣೋ ಅಂತ ಅಜ್ಜಿ ತಡೆದರು. ಮೇಣದಬತ್ತಿ ಹಚ್ಚಿದ್ದರು. ಮಕ್ಕಳೆಲ್ಲ ಮೂಲೆಯಲ್ಲಿ ವ್ಹೀಲರ್ ಆಟಕ್ಕೆ ಬಿದ್ದವು. ಹಿರಿಯರು ಮಾತ್ರ ಪಿಸುಗುಟ್ಟುತ್ತಿದ್ದರು, ಮಕ್ಕಳ ಸಿನಿಮಾದಲ್ಲಿ ಇಂಥದು ತೋರಿಸಬಹುದೇ ಅಂತ.

ಅಜ್ಜಿ ಪೈ ಮುಗಿಸಿ, ಫೋರ್ಕು ತಟ್ಟೆಯ ಅಂಚಿಗೆ ಒರಸಿ ಇಟ್ಟು, ನನ್ನ ಕಡೆ ನೋಡದೆ ಹೇಳಿದರು: "ನಮ್ಮಕ್ಕನಿಗೆ ಕೊಟ್ಟಿದ್ದರು, ಅದನ್ನ."

ಯುದ್ಧ ಮುಗಿದ ಮೇಲಿನ ಮಾತಂತೆ. ಅಕ್ಕನಿಗೆ ಕೂಸು ಹುಟ್ಟಿ ತೀರಿಹೋಗಿತ್ತು. ಆಮೇಲೆ ರಾತ್ರಿಯಿಡೀ ಎದ್ದು ಕೂರೋಳು, ಯಾರಿಗೂ ಕಾಣದವರ ಜೊತೆ ಮಾತಾಡೋಳು. ಮನೆಯವರೇ ಕರೆದುಕೊಂಡು ಹೋಗಿ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದರು. "ಯಾರದೂ ಕೆಟ್ಟ ಮನಸ್ಸಲ್ಲ. ಆ ಎಮ್ ಅತ್ತೆ ಥರಾನೇ. ಒಳ್ಳೇದಾಗಲಿ ಅಂತಲೇ." ಅಕ್ಕ ತಿರುಗಿ ಬಂದಳು, ನಿದ್ದೆಯೂ ಬಂತು. ಆದರೆ ಚಿಕ್ಕಂದಿನಲ್ಲಿ ತಂಗಿಗೆ ತಾನೇ ಓಝ್ ಪುಸ್ತಕ ಓದಿಹೇಳುತ್ತಿದ್ದದ್ದು ಅವಳಿಗೆ ನೆನಪಿರಲಿಲ್ಲ. ಪುಸ್ತಕ ತೋರಿಸಿದರೆ, ಇದು ನನ್ನ ಅಕ್ಷರದ ಹಾಗೇ ಇದೆಯಲ್ಲ ಅಂದಳಂತೆ.

ನಾನು ಏನು ಹೇಳಿದೆನೋ ನೆನಪಿಲ್ಲ. ಬಹುಶಃ ಇನ್ನೊಂದು ಕಾಫಿ ತಂದುಕೊಟ್ಟೆ. ತಲೆಗೆ ಕರೆಂಟು ಕೊಟ್ಟು ಸೆಳವು ಬರಿಸೋ ಚಿಕಿತ್ಸೆಯನ್ನು ಶುರುಮಾಡಿದ್ದು 1938ರಲ್ಲಿ ಇಟಲಿಯ ಚೆರ್ಲೆಟ್ಟಿ, ಬಿನಿ ಎಂಬ ವೈದ್ಯರು. ಚಿತ್ರದ ಕಥೆ ನಡೆಯೋದು 1899ರಲ್ಲಿ, ಹಾಗಾಗಿ ಲೆಕ್ಕ ಸರಿಹೋಗೋದಿಲ್ಲ ಅಂತ ಯಾರಾದರೂ ತಕರಾರು ತೆಗೆಯಬಹುದು. ಆದರೆ ಕರೆಂಟಿನಿಂದ ಎಲ್ಲ ರೋಗ ವಾಸಿ ಅಂತ ಪೆಟ್ಟಿಗೆ ಮಾರೋರು ಆ ಕಾಲದಲ್ಲೂ ಇದ್ದರು. ಇವತ್ತು ಅದೇ ಚಿಕಿತ್ಸೆಯನ್ನು ಮಂಪರು ಕೊಟ್ಟು ಜಾಗ್ರತೆಯಿಂದ ಮಾಡುತ್ತಾರೆ, ಗುಣ ಕಂಡವರೂ ಬಹಳ ಜನ. ಅಜ್ಜಿಯ ಅಕ್ಕನ ಕಾಲ ಬೇರೆಯಾಗಿತ್ತು.

ಉಳಿದರ್ಧ ಸಿನಿಮಾ ಅದೇ ರಾತ್ರಿ ನೋಡಿದೆವೋ, ಮಾರನೇ ವಾರ ಅದೇ ಟಿಕೆಟ್ ತೋರಿಸಿ ನೋಡಿದೆವೋ, ಮರೆತಿದೆ. ನೋಡಿದ್ದಂತೂ ಹೌದು. ಮೊಂಬಿ ಅಂತ ಒಬ್ಬ ರಾಜಕುಮಾರಿ, ಕನ್ನಡಿ ಬೀರುಗಳಲ್ಲಿ ತಲೆಗಳನ್ನು ಸಾಲಾಗಿ ಇಟ್ಟುಕೊಂಡಿದ್ದಾಳೆ, ಹೊತ್ತಿಗೊಂದು ತಲೆ ಹಾಕಿಕೊಳ್ಳುತ್ತಾಳೆ. ಅಕ್ಕಪಕ್ಕದವರು ಮುಖ ಮುಚ್ಚಿಕೊಂಡರು. 'ಹಯವದನ' ನೋಡಿ ಬೆಳೆದ ನಮಗೆ ತಲೆ ಅದಲುಬದಲು ಅಂಥ ದೊಡ್ಡ ವಿಷಯವೇ? ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಕ್ಕಸಿ ಹೆತ್ತ ಮಕ್ಕಳನ್ನೇ ಹುರಿದು ತಿನ್ನೋಳು, ನಾವು ಮೊಸರನ್ನ ತಿನ್ನುತ್ತಾ ಕೇಳುತ್ತಿದ್ದೆವು.

ಟಿಕ್‌ಟಾಕ್ ಅನ್ನೋ ದುಂಡನೆಯ ತಾಮ್ರದ ಸಿಪಾಯಿಯ ಸಂಗತಿ ಹೇಳದಿದ್ದರೆ ತಪ್ಪಾಗುತ್ತೆ. ಅದರೊಳಗೆ ಮೈಕೇಲ್ ಸಂಡಿನ್ ಎಂಬ ಕಸರತ್ತಿನ ಹುಡುಗ ದೇಹವನ್ನು ಎರಡು ಮಡಿಕೆ ಮಾಡಿ, ತಲೆಯನ್ನು ಕಾಲ ನಡುವೆ ಇಟ್ಟು ಹಿಂದುಹಿಂದಕ್ಕೆ ನಡೆಯುತ್ತಿದ್ದ. ಎದುರಿಗೆ ಏನಿದೆ ಅಂತ ಒಳಗಿದ್ದ ಪುಟ್ಟ ಟೀವಿಯಲ್ಲಿ ನೋಡಿಕೊಳ್ಳಬೇಕು. ಸಿನಿಮಾಕ್ಕೆ ಕಂಪ್ಯೂಟರ್ ಅಷ್ಟಾಗಿ ಬಾರದ ಕಾಲ ಸ್ವಾಮಿ. ಕಲ್ಲಿನ ದೊರೆ ನೋಮ್ ಕಿಂಗ್‌ನ ಮುಖವನ್ನು ವಿಲ್ ವಿಂಟನ್ನನ ಕಡೆಯವರು ಜೇಡಿಯಲ್ಲಿ ಮಾಡಿ, ಒಂದೊಂದು ಚೌಕಟ್ಟಿಗೂ ಬೆರಳಿನಿಂದ ಒತ್ತಿ ಒತ್ತಿ ಜೀವ ಬರಿಸಿದರು. ಕೊನೆಗೆ ಆ ದೊರೆ ಸಾಯೋದು ಬಿಲೀನಾ ಇಟ್ಟ ಮೊಟ್ಟೆಯಿಂದ. ಮೊಮ್ಮಗಳು ಕುರ್ಚಿ ಮೇಲೆ ನಿಂತು ಚಪ್ಪಾಳೆ ಹೊಡೆದಳು. ಊರಿಗೆ ಹೋಗೋವರೆಗೂ ಅಜ್ಜಿಯ ಕೋಳಿಗಳಿಗೆ ದಿನಾ ಸಲಾಮು.

ಮನೆಗೆ ಬರೋ ದಾರಿಯಲ್ಲಿ ಅಜ್ಜಿ, "ಆ ಹಳೇದು ಹಾಲಿವುಡ್‌ದು. ಇದು ಪುಸ್ತಕದ್ದು" ಅಂದರು. ಬಾಮ್‌ನ ಎರಡನೆಯ, ಮೂರನೆಯ ಓಝ್ ಪುಸ್ತಕಗಳನ್ನು ಸೇರಿಸಿ ಮಾಡಿದ ಕಥೆ ಅದು. ಪಾತ್ರಗಳ ವೇಷಗಳೂ ನೀಲ್‌ನ ಚಿತ್ರಗಳ ಹಾಗೇ. ಆಸ್ಪತ್ರೆ ಮಾತ್ರ ಸಿನಿಮಾದವರು ಸೇರಿಸಿದ್ದು. ಅದು ಬಾಮ್‌ನದಲ್ಲ ಅಂತ ಅಜ್ಜಿಗೂ ಗೊತ್ತಿತ್ತು, ಆದರೂ ಅದನ್ನು ತೆಗೆಯಬೇಕಿತ್ತು ಅಂತ ಅವರು ಹೇಳಲಿಲ್ಲ.

ಚಿತ್ರ ಸೋತಿತು. ಸುಮಾರು 2.8 ಕೋಟಿ ಡಾಲರ್ ಸುರಿದು, ಅಮೆರಿಕದಲ್ಲಿ ಗಳಿಸಿದ್ದು 1.1 ಕೋಟಿಯಷ್ಟು. ಮಕ್ಕಳಿಗೆ ಇದು ತೀರಾ ಕರಾಳ ಅಂತ ವಿಮರ್ಶಕರು ಬರೆದರು. ಬರೆದವರು ಯಾರೂ ಏಳು ವರ್ಷದವರಲ್ಲ. ಚಿತ್ರೀಕರಣದ ನಡುವೆಯೇ ಕಂಪನಿ ಮರ್ಚ್‌ನನ್ನು ಮನೆಗೆ ಕಳಿಸಿತ್ತು. ಗೆಳೆಯ ಜಾರ್ಜ್ ಲ್ಯೂಕಸ್ ಬಂದು ಹೊಣೆ ಹೊತ್ತುಕೊಂಡ ಮೇಲೆ ವಾಪಸು ಕರೆದರು. ಮುಂದೆ ಮರ್ಚ್ 'ದಿ ಇಂಗ್ಲಿಷ್ ಪೇಶೆಂಟ್' ಚಿತ್ರಕ್ಕೆ ಸಂಕಲನ, ಧ್ವನಿ ಎರಡಕ್ಕೂ ಆಸ್ಕರ್ ಗೆದ್ದ. ಆದರೆ ಇನ್ನೊಂದು ಕಥಾಚಿತ್ರ ನಿರ್ದೇಶಿಸಲಿಲ್ಲ.

ನಿಮ್ಮ ಮನೆಯಲ್ಲಿ ಎಂಟೊಂಬತ್ತು ವರ್ಷದ ಮಕ್ಕಳಿದ್ದರೆ ತೋರಿಸಿ, ಹೆದರಬೇಡಿ. ಮೊದಲ ಅರ್ಧ ಗಂಟೆ ಪಕ್ಕದಲ್ಲೇ ಕೂತಿರಿ, ಫೋನು ಬದಿಗಿಡಿ. ಹಾಡು ಇರೋದಿಲ್ಲ ಅಂತ ಮಾತ್ರ ಮೊದಲೇ ಹೇಳಿಬಿಡಿ.